ಹಾಡೋ, ಚಿತ್ರವೋ? ಹೈಸ್ಕೂಲ್ ಮಕ್ಕಳನ್ನು ಕ್ಲಾಸಿಗೆ ಸೇರಿಸುವ ಮುಂಚೆ

ಜೂನ್ ಬಂತೆಂದರೆ ನಮ್ಮ ಮನೆ ಕಟ್ಟೆಯ ಮುಂದೆ ಚಪ್ಪಲಿಗಳು ಜಾಸ್ತಿಯಾಗುತ್ತವೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಹೆಂಡತಿ ಮನೆಯಲ್ಲೇ ಸಂಗೀತ ಹೇಳಿಕೊಡುತ್ತಾಳೆ. ದಾವಣಗೆರೆಯ ನಮ್ಮ ಬಡಾವಣೆಯವರಿಗೆ ಇದೊಂದು ಅನುಕೂಲ. ಒಂದು ಬಾಗಿಲು ತಟ್ಟಿದರೆ ಎರಡು ಕಡೆ ವಿಚಾರಿಸಿದ ಹಾಗಾಯಿತು. "ಸರ್, ಎಂಟನೇ ಕ್ಲಾಸಿಗೆ ಬಂದ್ಲು. ಯಾವುದಾದ್ರೂ ಒಂದಕ್ಕೆ ಹಾಕೋಣ ಅಂತ. ಡ್ರಾಯಿಂಗಾ, ಸಂಗೀತನಾ?" ಎನ್ನುತ್ತಾರೆ. ಮಗು ಪಕ್ಕದಲ್ಲಿ ನಿಂತು ನೆಲ ನೋಡುತ್ತಿರುತ್ತದೆ.

ನಾವು ಮೊದಲು ಕೇಳುವುದು ಒಂದೇ ಮಾತು. ಕ್ಲಾಸ್ ಇಲ್ಲದ ದಿನ ನಿಮ್ಮ ಮನೆಯಲ್ಲಿ ಏನು ನಡೆಯುತ್ತೆ? ವಾರಕ್ಕೆ ಎರಡು ದಿನ, ಒಂದೊಂದು ಗಂಟೆ ಕ್ಲಾಸ್ ಇರುತ್ತದೆ. ಉಳಿದ ಐದು ದಿನ ಮೇಷ್ಟ್ರು ಎದುರಿಗಿರುವುದಿಲ್ಲ. ಕಲಿಯುವುದು ಆ ಐದು ದಿನದಲ್ಲೇ. ಪ್ರತಿಭೆ ಇದೆಯಾ, ಸರ್ಟಿಫಿಕೇಟ್ ಕೊಡ್ತಾರಾ, ಫೀಸೆಷ್ಟು ಎಂಬುದೆಲ್ಲ ಆಮೇಲಿನ ಮಾತು.

ಆ ಐದು ದಿನ

ಸಂಗೀತಕ್ಕೆ ದಿನಾ ಕೂರಬೇಕು. ಭಾನುವಾರ ಎರಡು ಗಂಟೆ ಕೂತರೆ ಆಗುವುದಿಲ್ಲ. ಅದರ ಬದಲು ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಜೊತೆಗೆ ಅದನ್ನು ಗಟ್ಟಿಯಾಗಿ ಮಾಡಬೇಕು. ಅಪಸ್ವರ ಹಾಡಲು, ತಾಳ ತಪ್ಪಲು ಮನೆಯಲ್ಲಿ ಒಂದು ಜಾಗ ಬೇಕು. ಅಣ್ಣ ಪಿಯುಸಿ ಓದುತ್ತಿದ್ದಾನೆ, ಅಜ್ಜ ಮಲಗಿದ್ದಾರೆ, ಟಿವಿ ಓಡುತ್ತಿದೆ ಎಂದರೆ ಸರಳೆ ವರಸೆ, ಅಂದರೆ ಸರಿಗಮದ ಮೊದಲ ಪಾಠ, ಹೊರಗೆ ಬರುವುದೇ ಇಲ್ಲ. ಹದಿಮೂರು ಹದಿನಾಲ್ಕರ ಮಕ್ಕಳಿಗೆ ನಾಚಿಕೆ ಬೇರೆ. ಪಕ್ಕದ ಮನೆಯವರಿಗೆ ಕೇಳಿಸುತ್ತೆ ಎಂದು ಗಂಟಲಲ್ಲೇ ಗುನುಗಿ ಎದ್ದುಬಿಡುತ್ತಾರೆ.

ಚಿತ್ರ ಸದ್ದಿಲ್ಲದ ಕೆಲಸ. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲೂ ನಡೆಯುತ್ತದೆ, ಬಸ್ಸಿಗೆ ಕಾಯುವಾಗಲೂ ನಡೆಯುತ್ತದೆ. ವಾರವೆಲ್ಲ ಬಿಟ್ಟು ಭಾನುವಾರ ಮೂರು ಗಂಟೆ ಕೂತರೂ ಫಲ ಇದೆ. ಹತ್ತನೇ ಕ್ಲಾಸಿನ ಕೊನೇ ಮೂರು ತಿಂಗಳು ಪೆನ್ಸಿಲ್ ಮುಟ್ಟದಿದ್ದರೂ ಕೈ ವಾರದಲ್ಲಿ ಹದಕ್ಕೆ ಬರುತ್ತದೆ. ಪಿಟೀಲಿನ ಬೆರಳು ಹಾಗಲ್ಲ. ಮೂರು ತಿಂಗಳು ಬಿಟ್ಟರೆ ಮತ್ತೆ ಕೂರುವಷ್ಟರಲ್ಲಿ ಇನ್ನೆರಡು ತಿಂಗಳು ಹೋಗಿರುತ್ತದೆ.

ಇನ್ನೊಂದು ವ್ಯತ್ಯಾಸ ನನಗೆ ಅರ್ಥವಾಗಲು ಎಷ್ಟೋ ವರ್ಷ ಬೇಕಾಯಿತು. ಚಿತ್ರದಲ್ಲಿ ತಪ್ಪು ಹಾಳೆಯ ಮೇಲೆ ಉಳಿಯುತ್ತದೆ. ನಿನ್ನೆ ಬರೆದ ಬಿಂದಿಗೆಯ ಬಾಯಿ ಸೊಟ್ಟಗಿದೆ ಎಂದು ಮಗುವಿಗೇ ಬೆಳಿಗ್ಗೆ ಕಾಣುತ್ತದೆ. ಹಾಡಿನಲ್ಲಿ ತಪ್ಪು ಗಾಳಿಯಲ್ಲಿ ಹೋಗಿಬಿಡುತ್ತದೆ. ಶ್ರುತಿ ಇಳಿದದ್ದು ಹಾಡುವವರಿಗೇ ಗೊತ್ತಾಗುವುದಿಲ್ಲ. ಅದನ್ನು ಹಿಡಿಯಲು ಬೇರೆಯವರ ಕಿವಿ ಬೇಕು. ಹಾಗಾಗಿ ಒಳ್ಳೆಯ ಮೇಷ್ಟ್ರು ಹತ್ತಿರದಲ್ಲಿಲ್ಲ ಎಂದರೆ ಚಿತ್ರವನ್ನು ಒಂದಷ್ಟು ದೂರ ತಾನಾಗಿ ಕಲಿಯಬಹುದು. ಸಂಗೀತವನ್ನು ಹಾಗೆ ಕಲಿತರೆ ಮೂರು ವರ್ಷದ ತಪ್ಪು ಗಟ್ಟಿಯಾಗಿರುತ್ತದೆ. ನನ್ನ ಹೆಂಡತಿ ಹೇಳುವಂತೆ, ಹೊಸಬರಿಗೆ ಕಲಿಸುವುದು ಸುಲಭ, ಯೂಟ್ಯೂಬ್ ನೋಡಿ ಕಲಿತು ಬಂದವರಿಗೆ ಮರೆಸುವುದು ಕಷ್ಟ.

ಖರ್ಚಿನಲ್ಲಿ ಮಾತ್ರ ಹಾಡು ಗೆಲ್ಲುತ್ತದೆ. ಗಂಟಲಿಗೆ ದುಡ್ಡು ಕೊಡಬೇಕಿಲ್ಲ. ತಂಬೂರಿ ಶ್ರುತಿ ಫೋನಿನಲ್ಲೇ ಸಿಗುತ್ತದೆ. ಚಿತ್ರ ಹಾಳೆ ತಿನ್ನುತ್ತದೆ. ಕಾರ್ಟ್ರಿಡ್ಜ್ ಶೀಟು, ಪೋಸ್ಟರ್ ಕಲರ್, ಬ್ರಶ್ಶು ಎಂದು ತಿಂಗಳು ತಿಂಗಳು ಸ್ಟೇಷನರಿ ಅಂಗಡಿಗೆ ಹೋಗುತ್ತಲೇ ಇರಬೇಕು.

ಕರ್ನಾಟಕ, ಹಿಂದುಸ್ತಾನಿ, ಕೀಬೋರ್ಡು

ನಮ್ಮದು ನಡುವಿನ ಊರು. ತುಂಗಭದ್ರೆಯ ಆಚೆ ಹೋದಷ್ಟೂ ಹಿಂದುಸ್ತಾನಿ, ಈಚೆ ಬಂದಷ್ಟೂ ಕರ್ನಾಟಕ ಸಂಗೀತ. ಧಾರವಾಡ, ಗದಗ, ಹುಬ್ಬಳ್ಳಿ ಕಡೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಅವರ ನೆನಪು ಇನ್ನೂ ಬಿಸಿಯಾಗಿದೆ. ಮೈಸೂರು, ಬೆಂಗಳೂರಿನಲ್ಲಿ ಬೀದಿಗೊಬ್ಬರು ಕರ್ನಾಟಕ ಸಂಗೀತದ ಮೇಷ್ಟ್ರು ಸಿಗುತ್ತಾರೆ. ಯಾವುದು ಮೇಲು ಎಂಬ ಜಗಳಕ್ಕೆ ಅರ್ಥವಿಲ್ಲ. ಮಗು ಸೈಕಲ್ ಮೇಲೆ ಹೋಗಿ ಬರುವಷ್ಟು ದೂರದಲ್ಲಿ ಯಾರು ಚೆನ್ನಾಗಿ ಹೇಳಿಕೊಡುತ್ತಾರೋ ಆ ಪದ್ಧತಿ ನಿಮ್ಮದು.

ಮಗುವಿನ ಸ್ವಭಾವವನ್ನೂ ನೋಡಬೇಕು. ಕರ್ನಾಟಕ ಸಂಗೀತದಲ್ಲಿ ಮೆಟ್ಟಿಲುಗಳು ಸ್ಪಷ್ಟ. ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ದಾಟು ವರಸೆ ಎಂಬ ಸ್ವರದ ಪಾಠಗಳು, ಆಮೇಲೆ ಏಳು ತಾಳದ ಅಲಂಕಾರ, ಗೀತೆ, ಸ್ವರಜತಿ, ವರ್ಣ, ಕೃತಿ. ಪುರಂದರದಾಸರು ಹಾಕಿದ ದಾರಿ ಎಂದು ಹೇಳುತ್ತಾರೆ. ಲೆಕ್ಕ, ಕ್ರಮ ಇಷ್ಟಪಡುವ ಮಕ್ಕಳಿಗೆ ಇದು ಹಿಡಿಸುತ್ತದೆ. ಈ ತಿಂಗಳು ಇಷ್ಟು ಕಲಿತೆ ಎಂದು ತೋರಿಸಬಹುದು. ಹಿಂದುಸ್ತಾನಿಯಲ್ಲಿ ಭೂಪ್, ದುರ್ಗಾ, ಯಮನ್ ಇಂಥ ಒಂದೇ ರಾಗದಲ್ಲಿ ತಿಂಗಳುಗಟ್ಟಲೆ ಕೂರಿಸುತ್ತಾರೆ. ಬಂದಿಶ್, ಅಂದರೆ ಹಾಡುವ ರಚನೆ, ಪುಟ್ಟದು, ಅದನ್ನು ಬೆಳೆಸುವುದು ದೊಡ್ಡದು. ಸುಮ್ನೆ ಒಂದು ಸ್ವರದ ಮೇಲೆ ನಿಲ್ಲಲು ಇಷ್ಟಪಡುವ ಮಗುವಿಗೆ ಇಲ್ಲಿ ಖುಷಿ ಇದೆ. ಅವಸರದ ಮಗುವಿಗೆ ಬೇಜಾರು. ಅವಸರದ ಅಪ್ಪ ಅಮ್ಮನಿಗೆ ಇನ್ನೂ ಬೇಜಾರು.

ಕೀಬೋರ್ಡಿನ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಅದು ಪಾಶ್ಚಾತ್ಯ ಸಂಗೀತಕ್ಕೆ ಒಳ್ಳೆಯ ಬಾಗಿಲು. ನೊಟೇಶನ್ ಓದಲು, ಎರಡು ಕೈ ಒಟ್ಟಿಗೆ ನುಡಿಸಲು ಕಲಿಸುತ್ತದೆ. ಆದರೆ ಅದರಲ್ಲಿ ನಮ್ಮ ರಾಗ ಕಲಿಸುತ್ತೇವೆ ಎಂದರೆ ಒಂದು ಸಲ ಯೋಚಿಸಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ, ಮೀಂಡ್ ಆ ಬಿಡಿ ಬಿಡಿ ಕೀಗಳಲ್ಲಿ ಬರುವುದಿಲ್ಲ. ತೋಡಿ ರಾಗದ ಗಾಂಧಾರ ಸ್ವರವನ್ನು ಕೀಬೋರ್ಡಿನಲ್ಲಿ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಹಾಗಂತ ಪಾಶ್ಚಾತ್ಯ ಸಂಗೀತ ಕಲಿತರೆ ನಮ್ಮದು ಕೈತಪ್ಪುತ್ತದೆ ಎಂದು ಹೆದರಬೇಕಿಲ್ಲ. ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಸಂಗೀತವನ್ನು ಚೆನ್ನಾಗಿ ಅಭ್ಯಾಸ ಮಾಡಿದವರು. ಆಮೇಲೆ ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದರು.

ಗಂಟಲು ಒಡೆಯುವ ವಯಸ್ಸು

ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಹೈಸ್ಕೂಲ್ ಎಂದರೆ ಹುಡುಗರ ಧ್ವನಿ ಒಡೆಯುವ ಕಾಲ. ಏಳನೇ ಕ್ಲಾಸಿನವರೆಗೆ ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ತಂದ ಹುಡುಗ ಒಂಬತ್ತಕ್ಕೆ ಬರುವಾಗ ಮೇಲಿನ ಷಡ್ಜ, ಅಂದರೆ ಮೇಲಿನ ಸ, ಮುಟ್ಟಲಾರ. ಎರಡು ವರ್ಷದ ಹಿಂದೆ ಅಂಥ ಒಬ್ಬ ಹುಡುಗ ನಮ್ಮ ಮನೆಗೆ ಬಂದಿದ್ದ. ಅವರಮ್ಮ, "ಇವನಿಗೆ ಆಸಕ್ತಿ ಹೋಗಿಬಿಟ್ಟಿದೆ ಮೇಡಂ, ಬಾಯೇ ಬಿಡಲ್ಲ" ಎಂದರು. ಆಸಕ್ತಿ ಎಲ್ಲಿಗೂ ಹೋಗಿರಲಿಲ್ಲ. ಬಾಯಿ ಬಿಟ್ಟರೆ ಯಾರದೋ ಧ್ವನಿ ಬರುತ್ತಿತ್ತು, ಅಷ್ಟೇ.

ಈ ಕಾಲದಲ್ಲಿ ಹಳೆಯ ಶ್ರುತಿಯಲ್ಲೇ ಹಾಡಿಸಿದರೆ ಗಂಟಲು ಕೆಡುತ್ತದೆ. ಶ್ರುತಿಯ ಎತ್ತರವನ್ನು ಮನೆ ಎಂದು ಎಣಿಸುತ್ತಾರೆ. ಐದು ಮನೆಯಲ್ಲಿ ಹಾಡುತ್ತಿದ್ದವನು ಮೆಲ್ಲಗೆ ಕೆಳಗಿಳಿದು ಕೊನೆಗೆ ಒಂದು ಮನೆಯ ಆಸುಪಾಸಿನಲ್ಲಿ ನಿಲ್ಲಬಹುದು. ಎಲ್ಲಿ ನಿಲ್ಲುತ್ತದೆ ಎಂದು ಮುಂಚೆ ಹೇಳಲಾಗದು. ತಿಳಿದ ಮೇಷ್ಟ್ರು ಆ ಒಂದೆರಡು ವರ್ಷ ಕೆಳಗಿನ ಸ್ಥಾಯಿಯಲ್ಲಿ ಮೆತ್ತಗೆ ಹಾಡಿಸುತ್ತಾರೆ. ತಾಳ ಹಾಕಿಸುತ್ತಾರೆ, ಕೇಳಿಸುತ್ತಾರೆ. ಕ್ಲಾಸಿಗೆ ಸೇರಿಸುವ ಮುಂಚೆ "ಧ್ವನಿ ಬದಲಾಗುವಾಗ ಏನು ಮಾಡಿಸ್ತೀರಿ?" ಎಂದು ಕೇಳಿ ನೋಡಿ. ಆ ಉತ್ತರದಲ್ಲೇ ಮೇಷ್ಟ್ರ ಅನುಭವ ತಿಳಿಯುತ್ತದೆ. ಹುಡುಗಿಯರ ಧ್ವನಿಯೂ ಬದಲಾಗುತ್ತದೆ, ಆದರೆ ಇಷ್ಟು ಎದ್ದು ಕಾಣುವುದಿಲ್ಲ.

ಆ ಹುಡುಗನನ್ನು ನನ್ನ ಹೆಂಡತಿ ತಬಲಾ ಮೇಷ್ಟ್ರ ಹತ್ತಿರ ಕಳಿಸಿದಳು. ಹೊಸದಾಗಿ ಶುರು ಮಾಡುವ ಹುಡುಗನಿಗೆ ಈ ವಯಸ್ಸಿನಲ್ಲಿ ವಾದ್ಯವೇ ಒಳ್ಳೆಯದು ಎಂಬುದು ಅವಳ ಅಭಿಪ್ರಾಯ. ತೀನ್‌ತಾಲದ ಹದಿನಾರು ಮಾತ್ರೆಗೆ ಗಂಟಲಿನ ಹಂಗಿಲ್ಲ ನೋಡಿ. ತಬಲಾ, ಮೃದಂಗ ಎರಡಕ್ಕೂ ಆರೈಕೆ ಬೇಕು. ಮೃದಂಗದ ಎಡಕ್ಕೆ ಪ್ರತಿ ಸಲ ರವೆ ಹಚ್ಚಿ, ಮುಗಿದ ಮೇಲೆ ಕೆರೆದು ತೆಗೆಯಬೇಕು. ಮಳೆಗಾಲದಲ್ಲಿ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಕೊಳಲು ಅಗ್ಗ, ಬ್ಯಾಗಿನಲ್ಲಿ ಹಿಡಿಸುತ್ತದೆ. ಆದರೆ ಮೊದಲ ಒಂದೆರಡು ವಾರ ಬರೀ ಗಾಳಿಯೇ ಬರುವುದು, ತಾಳ್ಮೆ ಬೇಕು. ಪಿಟೀಲಿನಲ್ಲಿ ಮೊದಲ ಆರು ತಿಂಗಳು ಮನೆಮಂದಿಗೂ ತಾಳ್ಮೆ ಬೇಕು.

ವೀಣೆಯ ಕಥೆ ನಮ್ಮ ಮನೆಯದೇ. ಮಗಳು ಆರನೇ ಕ್ಲಾಸಿನಲ್ಲಿದ್ದಾಗ ಆಸೆಯಿಂದ ತಂದೆವು. ಹತ್ತನೇ ಕ್ಲಾಸಿನವರೆಗೆ ಚೆನ್ನಾಗಿ ನುಡಿಸಿದಳು. ಈಗ ಹಾಸ್ಟೆಲಿನಲ್ಲಿದ್ದಾಳೆ. ಮೂವರು ಇರುವ ಆ ರೂಮಿನಲ್ಲಿ ವೀಣೆ ಇಡಲು ಜಾಗವಿಲ್ಲ. ಇಲ್ಲಿ ಅದು ಸೀರೆ ಹೊದ್ದುಕೊಂಡು ಮೂಲೆಯಲ್ಲಿ ಕೂತಿದೆ. ಪಿಯುಸಿಗೆ ಊರು ಬಿಡುವ ಮಗುವಾದರೆ ಜೊತೆಗೆ ಹೋಗುವ ವಾದ್ಯವನ್ನೇ ಆರಿಸಿ.

ಯಾವ ಪರೀಕ್ಷೆ?

ಸಂಗೀತದಲ್ಲಿ ನಮ್ಮ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಎಲ್ಲರಿಗೂ ಗೊತ್ತು. ಹಿಂದೆ ಎಸ್ಸೆಸ್ಸೆಲ್ಸಿ ನಡೆಸುವ ಮಂಡಳಿಯೇ ಇವನ್ನು ನಡೆಸುತ್ತಿತ್ತು. ಈಗ ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದ ಕೈಯಲ್ಲಿದೆ. ಕರ್ನಾಟಕ, ಹಿಂದುಸ್ತಾನಿ, ತಾಳವಾದ್ಯ, ನೃತ್ಯ ಎಲ್ಲಕ್ಕೂ ಇದೆ. ಬರೆಯುವ ಪರೀಕ್ಷೆಯೂ ಹಾಡುವ ಪರೀಕ್ಷೆಯೂ ಇರುತ್ತವೆ, ಕನ್ನಡದಲ್ಲೇ ಬರೆಯಬಹುದು. ಜೂನಿಯರ್‌ನಿಂದ ಸೀನಿಯರ್‌ಗೆ ನೆಗೆತ ದೊಡ್ಡದು. ಎಂಟರಲ್ಲಿ ಶುರು ಮಾಡಿದ ಮಗು ಹತ್ತು ಮುಗಿಯುವಷ್ಟರಲ್ಲಿ ಜೂನಿಯರ್ ಮುಗಿಸಿದರೆ ಸಾಕಷ್ಟಾಯಿತು. ಒಂದೇ ವರ್ಷದಲ್ಲಿ ಜೂನಿಯರ್ ಮಾಡಿಸುತ್ತೇವೆ ಎಂಬ ಕಡೆ ಮಕ್ಕಳು ಹತ್ತು ಕೃತಿ ಬಾಯಿಪಾಠ ಮಾಡಿರುತ್ತಾರೆ, ಹನ್ನೊಂದನೆಯದನ್ನು ತಾವಾಗಿ ಕಲಿಯಲಾರರು.

ಹಿಂದುಸ್ತಾನಿಯವರಿಗೆ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳೂ ಇವೆ. ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಶುರು ಮಾಡಿದ ಶಾಲೆಯ ಪರಂಪರೆ ಅದು. ಪ್ರಾರಂಭಿಕ, ಪ್ರವೇಶಿಕಾ ಪ್ರಥಮ, ಪ್ರವೇಶಿಕಾ ಪೂರ್ಣ, ಮಧ್ಯಮಾ, ವಿಶಾರದ ಎಂದು ಸಣ್ಣ ಸಣ್ಣ ಮೆಟ್ಟಿಲು. ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ. ಪ್ರಾರಂಭಿಕದಲ್ಲಿ ಬರವಣಿಗೆಯೇ ಇಲ್ಲ. ಪರೀಕ್ಷೆ ಎಂದರೆ ಬೆವರುವ ಮಗುವಿಗೆ ನಾನು ಇದನ್ನೇ ಹೇಳುತ್ತೇನೆ. ಮೊದಲ ಮೆಟ್ಟಿಲು ಮೊಣಕಾಲು ನೋಯಿಸಬಾರದು, ಅಲ್ವಾ?

ಪಾಶ್ಚಾತ್ಯ ಸಂಗೀತಕ್ಕೆ ಲಂಡನ್ನಿನ ಟ್ರಿನಿಟಿ ಮತ್ತು ಎಬಿಆರ್‌ಎಸ್‌ಎಂ ಎಂಬ ಸಂಸ್ಥೆಗಳ ಪರೀಕ್ಷೆಗಳಿವೆ, ಎರಡರಲ್ಲೂ ಎಂಟು ಗ್ರೇಡ್. ಒಂದು ವ್ಯತ್ಯಾಸ ನೆನಪಿಡಿ. ಎಬಿಆರ್‌ಎಸ್‌ಎಂನಲ್ಲಿ ಆರನೇ ಗ್ರೇಡ್ ನುಡಿಸಬೇಕಾದರೆ ಮುಂಚೆ ಐದನೇ ಗ್ರೇಡಿನ ಥಿಯರಿ ಅಥವಾ ಅದಕ್ಕೆ ಸಮನಾದದ್ದು ಪಾಸಾಗಿರಬೇಕು. ಟ್ರಿನಿಟಿಯಲ್ಲಿ ಆ ಕಟ್ಟು ಇಲ್ಲ. ಆರರಿಂದ ಎಂಟರ ಗ್ರೇಡಿಗೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಲೆಕ್ಕಕ್ಕೆ ಬರುವ ಅಂಕಗಳಿವೆ. ಮಗು ಹೊರದೇಶಕ್ಕೆ ಓದಲು ಹೋಗುವ ಯೋಚನೆ ಇದ್ದರೆ ಉಪಯೋಗ. ಫೀಸು ಮಾತ್ರ ನಮ್ಮ ಪರೀಕ್ಷೆಗಳಿಗಿಂತ ಎಷ್ಟೋ ಜಾಸ್ತಿ.

ಚಿತ್ರದ ಕಡೆ ನಮ್ಮಲ್ಲಿ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಇವೆ. ವಸ್ತುಚಿತ್ರ, ಪ್ರಕೃತಿಚಿತ್ರ, ವಿನ್ಯಾಸ, ಜ್ಯಾಮಿತಿ ಇವುಗಳ ಸುತ್ತ ಇರುತ್ತವೆ. ಸೊಲ್ಲಾಪುರ, ಪುಣೆಯಲ್ಲಿ ನೆಂಟರಿರುವವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಮಹಾರಾಷ್ಟ್ರದಲ್ಲಿ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಹತ್ತನೇ ತರಗತಿಯಲ್ಲಿ ಹೆಚ್ಚುವರಿ ಅಂಕ ಕೊಡುತ್ತಾರೆ. ನಮ್ಮ ಎಸ್ಸೆಸ್ಸೆಲ್ಸಿಯ 625ಕ್ಕೆ ಲೋಯರ್, ಹೈಯರ್ ಅಥವಾ ಜೂನಿಯರ್ ಯಾವುದೂ ಸೇರುವುದಿಲ್ಲ. ಅಂಕಕ್ಕಾಗಿ ಸೇರಿಸುವುದಾದರೆ ಬೇಡ.

ಚಿತ್ರದ ಕ್ಲಾಸಿನಲ್ಲಿ ಗೋಡೆ ನೋಡಿ

ಡ್ರಾಯಿಂಗ್ ಕ್ಲಾಸಿಗೆ ವಿಚಾರಿಸಲು ಹೋದಾಗ ಗೋಡೆಯ ಮೇಲೆ ಅಂಟಿಸಿದ ಮಕ್ಕಳ ಚಿತ್ರ ನೋಡಿ. ಇಪ್ಪತ್ತು ಮಕ್ಕಳ ಇಪ್ಪತ್ತು ಹಾಳೆಯಲ್ಲೂ ಅದೇ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ ಇದ್ದರೆ ಅಲ್ಲಿ ನೋಡಿ ನಕಲು ಮಾಡುವುದನ್ನು ಕಲಿಸುತ್ತಿದ್ದಾರೆ. ಚಿತ್ರ ಅಂದವಾಗಿಯೇ ಇರುತ್ತದೆ. ಆದರೆ ಆ ಮಗುವಿನ ಮುಂದೆ ಒಂದು ಚೊಂಬು ಇಟ್ಟು ಬರಿ ಎಂದರೆ ಕೈ ಓಡುವುದಿಲ್ಲ.

ನನ್ನ ಮಾತು ಕೇಳುವುದಾದರೆ ಮೊದಲ ವರ್ಷ ಪೆನ್ಸಿಲ್ಲೇ ಇರಲಿ. ಎಚ್‌ಬಿ, 2ಬಿ, 4ಬಿ, 6ಬಿ ನಾಲ್ಕು ಸಾಕು. ಎದುರಿಗಿರುವುದನ್ನು ನೋಡಿ ಬರೆಯುವುದು ಕಲಿಯಲಿ. ನಮ್ಮ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋಗುತ್ತೇನೆ. ಹೊಗೆ, ಬೆಂಕಿ, ಬಾಗಿ ಕೆಲಸ ಮಾಡುವ ಬೆನ್ನುಗಳು. ಅಲ್ಲಿ ಯಾರೂ ನಿಂತು ಪೋಸ್ ಕೊಡುವುದಿಲ್ಲ. ಒಂದು ನಿಮಿಷದಲ್ಲಿ ಗೆರೆ ಹಿಡಿಯಬೇಕು. ಕ್ಲಾಸಿನಲ್ಲಿ ಅಳಿಸಿ ಅಳಿಸಿ ಹಾಳೆ ತೂತು ಮಾಡುವ ಮಕ್ಕಳು ಅಲ್ಲಿ ರಬ್ಬರನ್ನೇ ಮರೆಯುತ್ತಾರೆ.

ಮೈಸೂರು ಶೈಲಿಯ ಚಿತ್ರ ಕಲಿಸುವ ಕಡೆ ಸೇರಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಖಂಡಿತ, ತಾಳ್ಮೆಯ ಮಗುವಾದರೆ. ತೆಳುವಾದ ಉಬ್ಬು ಕೆಲಸ, ಅದರ ಮೇಲೆ ಚಿನ್ನದ ರೇಕು, ಸಣ್ಣ ಬ್ರಶ್ಶಿನ ಗೆರೆ. ತಂಜಾವೂರಿನದು ಇದಕ್ಕಿಂತ ದಪ್ಪ ಉಬ್ಬು, ಹರಳು ಕೂಡ ಕೂರಿಸುತ್ತಾರೆ. ಒಂದು ಚಿತ್ರಕ್ಕೆ ತಿಂಗಳುಗಳೇ ಹಿಡಿಯಬಹುದು. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕಿಟ್ ತಂದು ಬಣ್ಣ ತುಂಬಿಸುವ ಕ್ಲಾಸಾದರೆ ರಜೆಯ ಹೊತ್ತು ಕಳೆಯಲು ಚೆನ್ನ, ಅಷ್ಟೇ.

ಟ್ಯಾಬಿನಲ್ಲಿ ಬರೆಯುವ ಡಿಜಿಟಲ್ ಕ್ಲಾಸ್ ಹೈಸ್ಕೂಲ್ ಮಕ್ಕಳಿಗೆ ತುಂಬಾ ಇಷ್ಟ. ನಾನು ವಿರೋಧಿಯಲ್ಲ. ಕ್ರಿಟಾದಂಥ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಆದರೆ ಹಿಂದಕ್ಕೆ ಹೋಗುವ ಬಟನ್ ಸಿಕ್ಕಿದ ಕೂಡಲೇ ಮಕ್ಕಳು ಒಂದೇ ಗೆರೆಯನ್ನು ನಲವತ್ತು ಸಲ ಎಳೆಯುತ್ತಾರೆ. ಅದಕ್ಕೇ ಹಾಳೆ ಮೊದಲು, ಟ್ಯಾಬ್ ಆಮೇಲೆ.

ಆನ್‌ಲೈನ್ ಕ್ಲಾಸ್ ಚಿತ್ರಕ್ಕೆ ನಡೆಯುತ್ತದೆ, ಕ್ಯಾಮೆರಾ ಮುಖಕ್ಕಲ್ಲದೆ ಕೈಗೆ ತಿರುಗಿದ್ದರೆ. ಸಂಗೀತದಲ್ಲಿ ಸದ್ದು ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ತಾಳ ಹಾಕಲು ಆಗುವುದಿಲ್ಲ. ಮೇಷ್ಟ್ರು ಹಾಡಿ ನಿಲ್ಲಿಸಬೇಕು, ಆಮೇಲೆ ಮಗು ಹಾಡಬೇಕು. ಅಮೆರಿಕದಲ್ಲೋ ದುಬೈಯಲ್ಲೋ ಇರುವ ನಮ್ಮವರಿಗೆ ಬೇರೆ ದಾರಿಯಿಲ್ಲ, ಅವರು ಹಾಗೇ ಕಲಿಯುತ್ತಿದ್ದಾರೆ. ದಾರಿ ಇರುವವರು ಎದುರು ಕೂತು ಕಲಿಯಲಿ.

ಶಾಲೆ, ವಿದ್ಯಾರ್ಥಿವೇತನ, ಆಮೇಲೆ

ಸಿಬಿಎಸ್‌ಇ ಶಾಲೆಯಾದರೆ ಚಿತ್ರಕಲೆ, ಕರ್ನಾಟಕ ಅಥವಾ ಹಿಂದುಸ್ತಾನಿ ಸಂಗೀತವನ್ನು ವಿಷಯವಾಗಿಯೇ ತೆಗೆದುಕೊಳ್ಳಬಹುದು, ಆ ಶಾಲೆಯಲ್ಲಿ ಇದ್ದರೆ. ಚಿತ್ರಕಲೆಯಲ್ಲಿ ಬರವಣಿಗೆಗೆ 30 ಅಂಕ, ಉಳಿದದ್ದು ಕೈಕೆಲಸಕ್ಕೆ. ಸುಲಭದ ವಿಷಯ ಎಂದು ತೆಗೆದುಕೊಂಡವರು 12ನೇ ತರಗತಿಯಲ್ಲಿ ರಾಜಸ್ಥಾನಿ, ಪಹಾಡಿ, ಮೊಘಲ್, ದಖನಿ ಕಿರುಚಿತ್ರಗಳ ಚರಿತ್ರೆ ಓದುವಾಗ ಕಣ್ಣು ಬಿಡುತ್ತಾರೆ. ನಮ್ಮ ರಾಜ್ಯ ಪಠ್ಯದಲ್ಲಿ ಪಿಯುಸಿ ಕಲಾ ವಿಭಾಗದಲ್ಲಿ ಸಂಗೀತ ಒಂದು ವಿಷಯವಾಗಿ ಇದೆ. ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ, ಮುಂಚೆಯೇ ವಿಚಾರಿಸಿ.

ಕೇಂದ್ರ ಸರ್ಕಾರದ ಸಾಂಸ್ಕೃತಿಕ ತರಬೇತಿ ಸಂಸ್ಥೆ ಸಿಸಿಆರ್‌ಟಿ ಕೊಡುವ ಸಾಂಸ್ಕೃತಿಕ ಪ್ರತಿಭಾ ವಿದ್ಯಾರ್ಥಿವೇತನಕ್ಕೆ 10ರಿಂದ 14 ವರ್ಷದ ಮಕ್ಕಳು ಅರ್ಜಿ ಹಾಕಬಹುದು. ಎಂಟು, ಒಂಬತ್ತನೇ ತರಗತಿ ಎಂದರೆ ಕೊನೇ ಬಸ್ಸು. ಎಷ್ಟೋ ಜನ ಹತ್ತನೇ ಕ್ಲಾಸಿಗೆ ಬಂದ ಮೇಲೆ ಕೇಳಿಕೊಂಡು ಬರುತ್ತಾರೆ, ಪಾಪ.

ಇದನ್ನೇ ಮುಂದೆ ಓದುವುದಾದರೆ ಎರಡು ಕಲೆಗೂ ಗಡಿಯಾರ ಬೇರೆ ಬೇರೆ. ಬಿವಿಎ ಎಂದರೆ ದೃಶ್ಯಕಲೆಯ ನಾಲ್ಕು ವರ್ಷದ ಪದವಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಎಂಬ ಕಲಾ ಕಾಲೇಜು, ನಮ್ಮೂರಿನ ದೃಶ್ಯಕಲಾ ಕಾಲೇಜು ಇವೆಲ್ಲ ಇವೆ. ಪಿಯುಸಿಯಲ್ಲಿ ಸೈನ್ಸ್ ಓದಿದವರೂ ಬರುತ್ತಾರೆ. ಹದಿನಾರರಲ್ಲಿ ಶುರು ಮಾಡಿ ಎರಡು ವರ್ಷ ಬಿಡದೆ ಸ್ಕೆಚ್ ಮಾಡಿದವರೂ ಒಳಗೆ ಹೋಗಿದ್ದಾರೆ. ಡಿಸೈನ್ ಇಷ್ಟವಾದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಪರೀಕ್ಷೆಗೆ, ಐಐಟಿಗಳ ಡಿಸೈನ್ ಪ್ರವೇಶ ಪರೀಕ್ಷೆ ಯುಸೀಡ್‌ಗೆ ಪಿಯುಸಿಯ ಯಾವ ವಿಭಾಗದವರೂ ಕೂರಬಹುದು. ಆರ್ಕಿಟೆಕ್ಚರ್ ಆದರೆ ಗಣಿತ ಬಿಡಬೇಡಿ. ಚಿತ್ರ ಚೆನ್ನಾಗಿ ಬರೆಯುತ್ತಾಳೆ ಎಂದು ಗಣಿತ ಬಿಡಿಸಿ, ಆಮೇಲೆ ತಲೆ ಮೇಲೆ ಕೈ ಹೊತ್ತವರನ್ನು ನೋಡಿದ್ದೇನೆ.

ಸಂಗೀತದಲ್ಲಿ ಹದಿನೆಂಟಕ್ಕೆ ಪದವಿಗೆ ಸೇರುವವರ ಹಿಂದೆ ಆಗಲೇ ಏಳೆಂಟು ವರ್ಷದ ಅಭ್ಯಾಸ ಇರುತ್ತದೆ. ಮಗುವಿಗೆ ಎರಡೂ ಸಮನಾಗಿ ಇಷ್ಟ, ಯಾವುದು ಮೊದಲು ಎಂದು ತಿಳಿಯುತ್ತಿಲ್ಲ ಎಂದರೆ ಡ್ರಾಯಿಂಗ್ ಮೇಷ್ಟ್ರಾದ ನಾನೇ ಹೇಳುತ್ತೇನೆ, ಸಂಗೀತಕ್ಕೆ ಮೊದಲು ಹಾಕಿ. ಚಿತ್ರ ಕಾಯುತ್ತದೆ. ಎರಡನ್ನೂ ಒಟ್ಟಿಗೆ, ಜೊತೆಗೆ ಕರಾಟೆ, ಅಬ್ಯಾಕಸ್ ಎಂದು ವಾರವೆಲ್ಲ ಓಡಿಸಬೇಡಿ. ಆ ಐದು ದಿನವೇ ಉಳಿಯುವುದಿಲ್ಲ.

ವಾದ್ಯವನ್ನಾಗಲಿ, ದೊಡ್ಡ ಬಣ್ಣದ ಪೆಟ್ಟಿಗೆಯನ್ನಾಗಲಿ ಮೊದಲ ದಿನವೇ ಕೊಳ್ಳಬೇಡಿ. ದಸರಾ ರಜೆಯವರೆಗೆ ತಡೆಯಿರಿ. ಕ್ಲಾಸಿಲ್ಲದ ಆ ರಜೆಯಲ್ಲಿ, ಯಾರೂ ಹೇಳದೆ, ಮಗು ಒಂದು ಸಲವಾದರೂ ತಾನಾಗಿ ಕೂತರೆ ಆಗ ಅಂಗಡಿಗೆ ಹೋಗಿ. ಅಲ್ಲಿಯವರೆಗೆ ವೀಣೆ ಬೇಕೆಂದರೆ ನಮ್ಮನೆಯಲ್ಲೇ ಒಂದಿದೆ, ಬಂದು ನುಡಿಸಲಿ. ಸೀರೆ ತೆಗೆದು ತಂತಿ ಬಿಗಿದರಾಯಿತು.